ಅಪ್ಪ, ನೈಲ್ಸ್ ಮತ್ತು ಉಲ್ಟಾ ಓಡಿದ ರೀಲು

"ಇವನು ಇಲ್ಲಿ ಯಾಕಮ್ಮ ನಿಂತಿದ್ದಾನೆ?"

ಅಂಗಡಿಯೊಂದರ ಗಾಜಿನ ಹಿಂದೆ ಚಾರ್ಲಿ ಚಾಪ್ಲಿನ್‌ನ ಆಳೆತ್ತರದ ಚಿತ್ರ ಇತ್ತು. ಟೋಪಿ, ಕೋಲು, ಮೀಸೆ ಎಲ್ಲ ಸರಿಯಾಗಿತ್ತು. ಅಪ್ಪ ಅದರ ಮುಂದೆ ನಿಂತುಬಿಟ್ಟಿದ್ದರು. "ಸುಮ್ನೆ ಚೆಂದಕ್ಕೆ ಇಟ್ಟಿರ್ತಾರೆ, ಬನ್ನಿ ಅಪ್ಪ" ಅಂದೆ. ಅಪ್ಪ ಬರಲಿಲ್ಲ. ಎರಡು ಅಂಗಡಿ ಆಚೆ ಇನ್ನೊಂದು ಚಾಪ್ಲಿನ್ ಚಿತ್ರ ತೋರಿಸಿ, "ಅಲ್ಲೂ ಇದ್ದಾನಲ್ಲ" ಅಂದರು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ದಿನಸಿ ಅಂಗಡಿಯಲ್ಲಿ ಮಜ್ಜಿಗೆ ಮೆಣಸಿನಕಾಯಿ ಸಿಗುತ್ತದೆ. ಫ್ರೀಮಾಂಟ್ ಒಂದೇ ಊರಾಗಿ ಹುಟ್ಟಿದ್ದಲ್ಲ. 1956ರಲ್ಲಿ ಐದು ಸಣ್ಣ ಊರುಗಳನ್ನು ಒಟ್ಟುಗೂಡಿಸಿ ಮಾಡಿದ ನಗರ ಇದು. ಆ ಐದರಲ್ಲಿ ಒಂದು ನೈಲ್ಸ್. ನನಗೆ ನೈಲ್ಸ್ ಅಂದರೆ ಹಳೇ ಸಾಮಾನಿನ ಅಂಗಡಿಗಳ ಬೀದಿ, ಒಂದು ಕಾಫಿ ಅಂಗಡಿ, ಗುಡ್ಡದ ಮೇಲೆ ಬಿಳಿ ಅಕ್ಷರಗಳಲ್ಲಿ ಬರೆದ ಊರಿನ ಹೆಸರು. ಎಂಟು ವರ್ಷದಿಂದ ಹತ್ತು ನಿಮಿಷದ ದೂರದಲ್ಲಿದ್ದೇನೆ. ಅಲ್ಲಿ ಚಾಪ್ಲಿನ್ ಯಾಕಿದ್ದಾನೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಪ್ಪ ಕೇಳಿದ್ದಕ್ಕೆ ಕಾರಣ ಇದೆ. ಅವರು ತಿಪಟೂರು, ತುರುವೇಕೆರೆ ಕಡೆ ಟೂರಿಂಗ್ ಟಾಕೀಸುಗಳಲ್ಲಿ ಆಪರೇಟರ್ ಆಗಿದ್ದವರು. ಜನ ಟೆಂಟ್ ಅಂತಾರಲ್ಲ, ಅದೇ. ಮುಂದೆ ಮರಳ ಮೇಲೆ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕು ಸಾಲು ಕುರ್ಚಿ. ಮೈಕಿನಲ್ಲಿ ವೆಂಕಟೇಶನ ಹಾಡು ಹಾಕಿದರೆ ಟಿಕೆಟ್ ಕೊಡೋಕೆ ಶುರು ಅಂತ ಸುತ್ತಲಿನ ಹಳ್ಳಿಗೆಲ್ಲ ಗೊತ್ತು. ಸಿನಿಮಾ ಓಡಿಸೋಕೆ ಇರೋದು ಒಂದೇ ಮಿಷನ್. ರೀಲು ಬದಲಿಸುವಾಗಲೆಲ್ಲ ನಿಲ್ಲಿಸಬೇಕು. ಹಾಗಾಗಿ ಒಂದು ಸಿನಿಮಾಕ್ಕೆ ಮೂರೋ ನಾಲ್ಕೋ ಇಂಟರ್‌ವಲ್. ಟೆಂಟುಗಳು ಒಂದೊಂದಾಗಿ ಮುಚ್ಚಿದ ಮೇಲೆ ಅಪ್ಪ ತೆಂಗಿನಕಾಯಿ ವ್ಯಾಪಾರಕ್ಕಿಳಿದರು. ಸಿನಿಮಾ ನೋಡುವುದನ್ನೂ ಬಿಟ್ಟರು. ಟಿವಿಯಲ್ಲಿ ಬಂದರೆ "ಇದೇನು ಸಿನಿಮಾನಾ, ಬೆಳಕೇ ಇಲ್ಲ" ಅಂತ ಎದ್ದು ಹೋಗುತ್ತಾರೆ.

ಇಲ್ಲಿಗೆ ಬಂದ ಹದಿನೈದು ದಿನಕ್ಕೇ ಅವರಿಗೆ ಬೇಜಾರು ಹತ್ತಿತ್ತು. ಆರು ತಿಂಗಳಿಗೆ ಅಂತ ಬರುವ ಅಪ್ಪ ಅಮ್ಮಂದಿರೆಲ್ಲರ ಕಥೆ ಇದು. ವಾಕಿಂಗ್, ಯೂಟ್ಯೂಬಿನಲ್ಲಿ ಕನ್ನಡ ನ್ಯೂಸ್, ಶನಿವಾರ ದೇವಸ್ಥಾನ. ಅದಕ್ಕೇ ಆ ಸಂಜೆ ಮನೆಗೆ ಬಂದು ಚಾಪ್ಲಿನ್ ವಿಷಯ ಹುಡುಕಿದೆ. ಹುಡುಕಿ ದಂಗಾದೆ.

ಹಾಲಿವುಡ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲಕ್ಕೆ ನೈಲ್ಸ್‌ನಲ್ಲಿ ಸಿನಿಮಾ ಸ್ಟುಡಿಯೊ ಇತ್ತು. ಕಂಪನಿಯ ಹೆಸರು ಎಸ್ಸನೇ. ಮಾಲೀಕರು ಜಾರ್ಜ್ ಸ್ಪೂರ್ ಮತ್ತು ಗಿಲ್ಬರ್ಟ್ ಆಂಡರ್ಸನ್. ಅವರ ಹೆಸರಿನ ಮೊದಲಕ್ಷರ ಎಸ್ ಮತ್ತು ಎ, ಸೇರಿಸಿ ಹೇಳಿದರೆ 'ಎಸ್ ಆ್ಯಂಡ್ ಎ', ಅದೇ ಎಸ್ಸನೇ. 1907ರಲ್ಲಿ ಶಿಕಾಗೊದಲ್ಲಿ ಶುರುವಾದ ಕಂಪನಿ. ಸ್ಪೂರ್ ಅಲ್ಲಿ ಕೂತು ಲೆಕ್ಕ ನೋಡಿದರೆ, ಆಂಡರ್ಸನ್ ಕ್ಯಾಮೆರಾ, ಕುದುರೆ, ನಟರನ್ನು ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಕೊಲೊರಾಡೊ, ಲಾಸ್ ಗ್ಯಾಟೋಸ್, ಸ್ಯಾನ್ ರಫೇಲ್ ಎಲ್ಲ ಆದ ಮೇಲೆ 1912ರ ಏಪ್ರಿಲ್‌ನಲ್ಲಿ ನೈಲ್ಸ್‌ಗೆ ಬಂದ. ಮುಂದಿನ ವರ್ಷ ಸ್ಟುಡಿಯೊ ಕಟ್ಟಿದ. 'ಬ್ರಾಂಕೋ ಬಿಲ್ಲಿ' ಅನ್ನುವ ಕೌಬಾಯ್ ಆಗಿ ತಾನೇ ಹೀರೊ. ಅಮೆರಿಕದ ಮೊದಲ ಕೌಬಾಯ್ ತಾರೆ ಅಂದರೆ ಅವನೇ.

1916ರ ಫೆಬ್ರವರಿಯಲ್ಲಿ ಬಾಗಿಲು ಹಾಕುವವರೆಗೆ ಈ ಪುಟ್ಟ ಊರಿನಲ್ಲಿ ಸುಮಾರು 350 ಸಿನಿಮಾ ತಯಾರಾದವು. ಲೆಕ್ಕ ಹಾಕಿ ನೋಡಿ, ನಾಲ್ಕು ವರ್ಷವೂ ಇಲ್ಲ. ವಾರಕ್ಕೆ ಹತ್ತಿರ ಹತ್ತಿರ ಎರಡು! ಹೆಚ್ಚಿನವು ಒಂದು ರೀಲು, ಎರಡು ರೀಲಿನ ಪುಟ್ಟ ಚಿತ್ರಗಳು ಅನ್ನಿ. ಚಾಪ್ಲಿನ್ ಬಂದದ್ದು 1915ರ ಆರಂಭದಲ್ಲಿ. ವಾರಕ್ಕೆ 1,250 ಡಾಲರ್ ಸಂಬಳ, ಮೇಲೆ 10,000 ಡಾಲರ್ ಬೋನಸ್. ಇಲ್ಲಿ ಐದು ಚಿತ್ರ ಮಾಡಿದ. ಅವನಿಗೆ ಊರು ಹಿಡಿಸಲಿಲ್ಲ. ಲಾಸ್ ಏಂಜಲೀಸ್‌ಗೆ ಹೊರಟುಹೋದ. ಸ್ಟುಡಿಯೊ ಕಟ್ಟಡವನ್ನು 1933ರಲ್ಲಿ ಕೆಡವಿದರು. ನಟರು ಇರುತ್ತಿದ್ದ ಸಣ್ಣ ಮನೆಗಳಲ್ಲಿ ಕೆಲವು ಸೆಕೆಂಡ್ ಸ್ಟ್ರೀಟಿನಲ್ಲಿ ಈಗಲೂ ಇವೆ. ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ.

ಇದನ್ನೆಲ್ಲ ಓದಿ ಹೇಳಿದಾಗ ಅಪ್ಪ, "ಅಂದ್ರೆ ನಮ್ಮ ಗುಬ್ಬಿ ಇದ್ದಂಗೆ" ಅಂದರು. ರೈಲ್ವೆ ಸ್ಟೇಷನ್ ಇರುವ ಸಣ್ಣ ಊರು, ಒಬ್ಬ ಹಟದ ಮನುಷ್ಯ, ಒಂದು ಕಂಪನಿ. ಗುಬ್ಬಿ ವೀರಣ್ಣನವರೂ ನಾಟಕದ ಜೊತೆಗೆ ಮೂಕಿ ಚಿತ್ರಕ್ಕೆ ದುಡ್ಡು ಹಾಕಿದವರೇ ಅಲ್ವಾ.

ನೈಲ್ಸ್‌ನ ಮುಖ್ಯ ಬೀದಿಯಲ್ಲಿ ಮೂಕಿ ಚಿತ್ರಗಳಿಗೇ ಒಂದು ಮ್ಯೂಸಿಯಂ ಇದೆ. 1913ರಲ್ಲಿ ಕಟ್ಟಿದ ಎಡಿಸನ್ ಥಿಯೇಟರ್ ಅದು. ಶನಿವಾರ ರಾತ್ರಿ ಪಿಯಾನೊ ಬಾರಿಸಿಕೊಂಡು ಹಳೇ ಚಿತ್ರ ತೋರಿಸುತ್ತಾರೆ. ಮುಂದಿನ ಶನಿವಾರವೇ ಹೋದೆವು.

ಬೆಳಕು ಆರಿತು. ಪಿಯಾನೊ ಶುರುವಾಯಿತು. ನಾನು ಪರದೆ ನೋಡುತ್ತಿದ್ದೆ. ಅಪ್ಪ ಹಿಂದೆ ತಿರುಗಿ ಬೆಳಕು ಬರುವ ಕಿಂಡಿ ನೋಡುತ್ತಿದ್ದರು. ಐದು ನಿಮಿಷ ಆದ ಮೇಲೆ ಮೆಲ್ಲಗೆ, "ಇವರು ಮಿಷನ್ನು ನಿಧಾನಕ್ಕೆ ಓಡಿಸ್ತಿದ್ದಾರೆ, ಸರಿಯಾಗಿದೆ" ಅಂದರು. ನನಗೆ ಅರ್ಥವಾಗಲಿಲ್ಲ. ಮನೆಗೆ ಬರುವಾಗ ಬಿಡಿಸಿ ಹೇಳಿದರು. ಮಾತಿನ ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. 16, 18, ಕೆಲವೊಮ್ಮೆ ಇನ್ನೂ ಜಾಸ್ತಿ. ಅದನ್ನು ತಂದು 24ರಲ್ಲಿ ಓಡಿಸಿದರೆ ಜನ ಇರುವೆ ಥರ ಗಡಿಬಿಡಿ ಮಾಡುತ್ತಾರೆ. ಹಳೇ ಸಿನಿಮಾದವರೆಲ್ಲ ಹಾಗೇ ಓಡಾಡುತ್ತಾರೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ!

ಚಿತ್ರ ಮುಗಿದ ಮೇಲೆ ಅಲ್ಲಿನ ಸ್ವಯಂಸೇವಕರೊಬ್ಬರಿಗೆ ಅಪ್ಪನ ಕೆಲಸದ ವಿಷಯ ಹೇಳಿದೆ. ಅವರಿಗೂ ಎಪ್ಪತ್ತರ ಮೇಲೆ ಇರಬೇಕು. ಮುಖ ಅರಳಿತು. ಹಳೇ ಮಿಷನ್ ರೂಮು ತೋರಿಸುತ್ತೇನೆ ಬನ್ನಿ ಅಂದರು. ಒಳಗೆಲ್ಲ ತಗಡು ಹೊಡೆದ ಕಿರಿದಾದ ಕೋಣೆ. ಆ ಕಾಲದ ನೈಟ್ರೇಟ್ ಫಿಲಂ ಹೊತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ. ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೇ ತಗಡಿನ ಗೂಡು. ಬೆಂಕಿ ಬಿದ್ದರೆ ಆ ಕೋಣೆಯೊಳಗೇ ಮುಗಿಯಲಿ ಅಂತ. ಒಳಗಿರುವ ಆಪರೇಟರ್ ಕಥೆ ಏನು ಅಂತ ನಾನು ಕೇಳಿದೆ. ಇಬ್ಬರೂ ಮುದುಕರು ನಕ್ಕರು, ಉತ್ತರ ಹೇಳಲಿಲ್ಲ.

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಹದಿನೈದು ನಿಮಿಷ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ. ಅಪ್ಪ ಬೆರಳು ತೋರಿಸಿ "ಗೇಟ್" ಅಂದರು. ಆತ ತಲೆಯಾಡಿಸಿದರು. "ಶಟರ್." ಹೂಂ. "ಸ್ಪ್ರಾಕೆಟ್." ಹೂಂ. ಅಪ್ಪ ಗಾಳಿಯಲ್ಲಿ ಎರಡು ಬೆರಳಿನಿಂದ ಒಂದು ಸಣ್ಣ ಬಳುಕು ಬರೆದು "ಲೂಪ್ ಹೋದ್ರೆ..." ಅಂತ ಕೈಯನ್ನು ಗಡಗಡ ಅಲ್ಲಾಡಿಸಿದರು. ಆತ ಜೋರಾಗಿ ನಕ್ಕು ಅಪ್ಪನ ಭುಜ ತಟ್ಟಿದರು. ಲೂಪ್ ಅಂದರೆ ಗೇಟಿನ ಹತ್ತಿರ ಫಿಲಂಗೆ ಬಿಡುವ ಸಡಿಲ ಬಳುಕು. ಅದು ಸಣ್ಣದಾದರೆ ಪರದೆಯ ಮೇಲೆ ಚಿತ್ರ ಕುಣಿಯುತ್ತದಂತೆ. ತುರುವೇಕೆರೆಯಲ್ಲೂ ಕುಣಿದಿದೆ, ಇಲ್ಲೂ ಕುಣಿದಿದೆ. ಮಿಷನ್ನಿನ ಬೆಳಕಿಗೆ ಉರಿಸುತ್ತಿದ್ದ ಕಾರ್ಬನ್ ಕಡ್ಡಿಯ ಮಾತು ಬಂದಾಗ ಅಪ್ಪ ತಮ್ಮ ಮುಂಗೈ ಮೇಲಿನ ಹಳೇ ಸುಟ್ಟ ಕಲೆ ತೋರಿಸಿದರು. ಆತನೂ ತೋಳು ಮಡಚಿ ತಮ್ಮದನ್ನು ತೋರಿಸಿದರು.

ಮಾರನೇ ದಿನದಿಂದ ಅಪ್ಪ ನ್ಯೂಸ್ ನೋಡುವುದು ಬಿಟ್ಟರು. ಬ್ರಾಂಕೋ ಬಿಲ್ಲಿಯ ಹಳೇ ತುಣುಕುಗಳನ್ನು ಹಾಕಿಕೊಡು ಅಂತ ಹಿಂದೆ ಬಿದ್ದರು. ಹಾಗೆ ಸಿಕ್ಕಿದ್ದು ಒಂದು ಮೂರು ನಿಮಿಷದ ತುಣುಕು. ಮಾತು ಬರೆದು ತೋರಿಸುವ ಟೈಟಲ್ ಕಾರ್ಡ್ ಒಂದೂ ಇಲ್ಲ. ಹೊಳೆಯ ದಂಡೆ, ಒಂದು ಬೇಲಿ, ಹಿಂದೆ ಎರಡು ಗುಡ್ಡ. ಐದು ಜನ ಕುದುರೆ ಇಳಿದು ಪಿಸ್ತೂಲು ಎಳೆಯುತ್ತಾರೆ. "ಈ ಜಾಗ ಎಲ್ಲಿದೆ ಹುಡುಕೋಣ" ಅಂದರು ಅಪ್ಪ. ಮನೆ, ಬೇಲಿ, ಮರ ಯಾವುದೂ ಉಳಿದಿರುವುದಿಲ್ಲ. ಆದರೆ ಗುಡ್ಡ ಎಲ್ಲಿಗೆ ಹೋಗುತ್ತದೆ?

ಹುಡುಕುವ ವಿಧಾನವನ್ನು ಅಪ್ಪನೇ ಮಾಡಿದರು. ಲ್ಯಾಪ್‌ಟಾಪಿನಲ್ಲಿ ತುಣುಕನ್ನು ನಿಲ್ಲಿಸಿ, ಅದರ ಮೇಲೆ ಪ್ಲಾಸ್ಟಿಕ್ ಫೈಲ್ ಕವರ್ ಇಟ್ಟು, ಸ್ಕೆಚ್ ಪೆನ್ನಿನಿಂದ ಗುಡ್ಡದ ನೆತ್ತಿಯ ಗೆರೆ ಎಳೆದರು. ಗೆರೆ ಎಳೆಯುವುದು ಸುಲಭ, ಯಾಕೆಂದರೆ ಆಕಾಶ ಪೂರ್ತಿ ಬಿಳಿ. ಆ ಕಾಲದ ಫಿಲಂಗೆ ನೀಲಿ ಬಣ್ಣವೂ ಬಿಳಿಯಾಗೇ ಕಾಣುತ್ತಿತ್ತು. ಕೆಂಪು ಕಪ್ಪಾಗುತ್ತಿತ್ತು. ಮೋಡ ಇದ್ದರೂ ಗೊತ್ತಾಗುವುದಿಲ್ಲ. ಸುಣ್ಣದ ಗೋಡೆ ಮೇಲೆ ಇದ್ದಿಲಲ್ಲಿ ಬರೆದ ಹಾಗೆ ಗುಡ್ಡ ಎದ್ದು ಕಾಣುತ್ತದೆ.

ಆಮೇಲೆ ಆ ಕವರನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಊರು ಸುತ್ತುವುದು. ಎರಡು ಗುಡ್ಡ ಒಂದರ ಹಿಂದೆ ಒಂದು ಇರುವುದೇ ಮುಖ್ಯ ಅಂತ ಅಪ್ಪ ಹೇಳಿದರು. ನಾವು ಎಡಕ್ಕೆ ಜರುಗಿದರೆ ಮುಂದಿನದು ಹಿಂದಿನದನ್ನು ಒಂದು ಥರ ಮುಚ್ಚುತ್ತದೆ, ಬಲಕ್ಕೆ ಜರುಗಿದರೆ ಇನ್ನೊಂದು ಥರ. "ಟೆಂಟಿನಲ್ಲಿ ಕಂಬ ಅಡ್ಡ ಬಂದ್ರೆ ಏನ್ ಮಾಡ್ತೀಯ? ಪರದೆ ಕಾಣೋವರೆಗೆ ಜರುಗಿ ಕೂರಲ್ವಾ? ಅಷ್ಟೇ."

ಮೊದಲ ಭಾನುವಾರ ಊರೊಳಗೆ ಸುತ್ತಿದೆವು. ಜಿ ಬೀದಿಯ ಹತ್ತಿರ ಸ್ಟುಡಿಯೊ ಇದ್ದ ಜಾಗದಿಂದ ಶುರು ಮಾಡಿ, ಬೀದಿಯ ತುದಿ ತುದಿಗೆ ನಿಂತು ಕವರ್ ಎತ್ತಿ ನೋಡಿದೆವು. ಇಬ್ಬರು ಇಂಡಿಯನ್ನರು ಪ್ಲಾಸ್ಟಿಕ್ ಕವರ್ ಹಿಡಿದು ಆಕಾಶ ನೋಡುವುದನ್ನು ಕಂಡು ಒಬ್ಬಾಕೆ ನಿಂತು ವಿಚಾರಿಸಿದರು. ವಿಷಯ ಹೇಳಿದರೆ, ಅವರಿಗೆ ಆಶ್ಚರ್ಯ. ಅಲ್ಲೇ ಹದಿನೆಂಟು ವರ್ಷದಿಂದ ಇದ್ದಾರಂತೆ. ಚಾಪ್ಲಿನ್ ಚಿತ್ರಗಳು ಪ್ರವಾಸಿಗರಿಗೆ ಅಂತ ಅಂದುಕೊಂಡಿದ್ದರಂತೆ. ನನಗೆ ಸ್ವಲ್ಪ ಸಮಾಧಾನವಾಯಿತು. ಜಾಗ ಸಿಗಲಿಲ್ಲ.

ಎರಡನೇ ಭಾನುವಾರ ಕಣಿವೆಗೆ ಹೊರಟೆವು. ನೈಲ್ಸ್ ಕ್ಯಾನಿಯನ್ ರಸ್ತೆಯಲ್ಲಿ ಕಾರು ನಿಲ್ಲಿಸಿ ನೋಡುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಇಕ್ಕಟ್ಟಾದ ತಿರುವು, ಜೋರಾಗಿ ಬರುವ ಗಾಡಿಗಳು, ಪಕ್ಕಕ್ಕೆ ಸರಿಯಲು ಜಾಗವೇ ಇಲ್ಲ. ನಾವು ಸುನೋಲ್ ಊರಿನಿಂದ ನೈಲ್ಸ್‌ಗೆ ಬರುವ ಹಳೇ ಕಾಲದ ರೈಲು ಹತ್ತಿದೆವು. ಹವ್ಯಾಸಿಗಳು ನಡೆಸುವ ರೈಲು. ಅಮೆರಿಕದ ಪೂರ್ವ ಪಶ್ಚಿಮವನ್ನು ಜೋಡಿಸಿದ ರೈಲು ದಾರಿ 1869ರಲ್ಲಿ ಈ ಕಣಿವೆಯಲ್ಲೇ ಹಾದು ಬಂತು. ಆಂಡರ್ಸನ್ ಈ ಊರನ್ನು ಯಾಕೆ ಹಿಡಿದ ಅನ್ನುವುದು ರೈಲಿನಲ್ಲಿ ಕೂತರೆ ತಾನಾಗೇ ಗೊತ್ತಾಗುತ್ತದೆ. ಕಿಟಕಿಯಲ್ಲಿ ಬಂಡೆ ಬರುತ್ತದೆ, ಹೊಳೆ ಬರುತ್ತದೆ, ಬೋಳು ಗುಡ್ಡ ಬರುತ್ತದೆ. ದರೋಡೆಗೆ ಬೇಕಾದ ಎಲ್ಲವೂ ನಾಲ್ಕಾರು ಮೈಲಿಯೊಳಗೆ! ಜೊತೆಗೆ ವರ್ಷದಲ್ಲಿ ಬಹುಪಾಲು ಬಿಸಿಲು. ವಿದ್ಯುತ್ ದೀಪದ ಖರ್ಚಿಲ್ಲದೆ ಚಿತ್ರ ತೆಗೆಯುತ್ತಿದ್ದ ಕಾಲ ಅದು. ಸ್ಟುಡಿಯೊದಲ್ಲೂ ಮೇಲಿನಿಂದ ಬೀಳುವ ಬಿಸಿಲೇ ಬೆಳಕು. ತೆಗೆದ ಫಿಲಂ ಅದೇ ರೈಲಿನಲ್ಲಿ ಶಿಕಾಗೊಗೆ. "ನಮಗೆ ರೀಲು ಡಬ್ಬ ಬಸ್ಸಿನ ಮೇಲೆ ಬರ್ತಿತ್ತು" ಅಂತ ಅಪ್ಪ ನೆನಪು ಮಾಡಿಕೊಂಡರು. ಡಬ್ಬ ಬರದೆ ಶೋ ನಿಂತ ದಿನ ಜನ ಟೆಂಟಿನ ಗೂಟ ಕಿತ್ತಿದ್ದರಂತೆ.

ರೈಲಿನಿಂದ ಒಂದು ಜಾಗ ನಮ್ಮ ಗೆರೆಗೆ ಹತ್ತಿರ ಅನ್ನಿಸಿತು. ನಾನು ಫೋಟೊ ತೆಗೆದು, ಕನ್ನಡದ ಗೆಳೆಯರ ವಾಟ್ಸಾಪ್ ಗುಂಪಿಗೆ "ಸಿಕ್ಕಿತು!" ಅಂತ ಹಾಕಿಯೂಬಿಟ್ಟೆ. ಇಪ್ಪತ್ತಮೂರು ಹೆಬ್ಬೆರಳು ಬಂದವು. 2009ರಲ್ಲಿ ಬೈಂದೂರಿನ ಕಡಲ ತೀರದಲ್ಲಿ ಚಾಪ್ಲಿನ್ ಪ್ರತಿಮೆ ನಿಲ್ಲಿಸಲು ಹೊರಟಾಗ ಆದ ಗಲಾಟೆಯನ್ನು ಒಬ್ಬರು ನೆನಪಿಸಿದರು. ಅದರ ಮೇಲೆ ಅರ್ಧ ದಿನ ಜಗಳವೂ ನಡೆಯಿತು. ರಾತ್ರಿ ಫೋಟೊವನ್ನು ದೊಡ್ಡದು ಮಾಡಿ ಕವರ್ ಇಟ್ಟು ನೋಡಿದರೆ, ಹಿಂದಿನ ಗುಡ್ಡದ ಇಳಿಜಾರು ಗೆರೆಗೆ ಹೊಂದಲೇ ಇಲ್ಲ. ಅಪ್ಪ ಏನೂ ಹೇಳಲಿಲ್ಲ. ಅದೇ ಜಾಸ್ತಿ ನಾಚಿಕೆ ಆಯಿತು.

ಮೂರನೇ ವಾರ ನಾನು ಕೈಬಿಟ್ಟಿದ್ದೆ. ಒಂದು ರಾತ್ರಿ ಅಡುಗೆಮನೆಯಲ್ಲಿ ಅನ್ನಕ್ಕೆ ಇಡುತ್ತಿದ್ದೆ. ಅಪ್ಪ ಹಾಲಿನಿಂದ ಕೂಗಿದರು.

"ಬಾ ಇಲ್ಲಿ. ಒಂದೂರಿನಲ್ಲಿ ಐದು ಜನಾನೂ ಎಡಚರು ಇರ್ತಾರಾ?"

ಹೋಗಿ ನೋಡಿದೆ. ತುಣುಕು ನಿಂತಿತ್ತು. ಐದೂ ಜನ ಪಿಸ್ತೂಲು ಎಳೆದಿದ್ದರು. ಐದೂ ಜನ ಎಡಗೈಯಲ್ಲಿ.

"ಉಲ್ಟಾ ಹಾಕವ್ರೆ ಕಣಮ್ಮ" ಅಂದರು ಅಪ್ಪ.

ವಿಷಯ ಇಷ್ಟೇ. ಫಿಲಂಗೆ ಎರಡು ಮುಖ. ಮಿಷನ್ನಿಗೆ ಹಾಕುವಾಗ ಮುಖ ತಿರುಗಿಸಿ ಹಾಕಿದರೆ ಪರದೆಯ ಮೇಲೆ ಎಡದ್ದು ಬಲ, ಬಲದ್ದು ಎಡ. ಟೆಂಟಿನಲ್ಲಿ ಅವಸರದಲ್ಲಿ ಹೀಗೆ ಆಗುತ್ತಿತ್ತಂತೆ. ಆದರೆ ಮಾತಿನ ಸಿನಿಮಾದಲ್ಲಿ ಶಬ್ದದ ಪಟ್ಟಿ ಫಿಲಂನ ಒಂದು ಅಂಚಿನಲ್ಲಿರುತ್ತದೆ. ಮುಖ ತಿರುಗಿದರೆ ಪಟ್ಟಿ ಆ ಕಡೆಗೆ ಹೋಗುತ್ತದೆ, ಮಾತು ಬರುವುದಿಲ್ಲ. ಆಪರೇಟರ್‌ಗೆ ತಕ್ಷಣ ಗೊತ್ತಾಗುತ್ತದೆ. "ಮೊದಲು ಸೌಂಡ್ ಹೋಗುತ್ತೆ. ಆಮೇಲೆ ನೋಡಿದ್ರೆ ಹೀರೋಯಿನ್ ಸೆರಗು ಬಲಭುಜದ ಮೇಲೆ. ನೆಲದಲ್ಲಿ ಕೂತ ಹೆಂಗಸರೇ ಕೂಗೋರು, ಏಯ್ ಸೆರಗು ಸರಿ ಮಾಡಪ್ಪಾ ಅಂತ. ಮೂಕಿಗೆ ಸೌಂಡೂ ಇಲ್ಲ, ಈ ಕೌಬಾಯ್‌ಗಳಿಗೆ ಸೆರಗೂ ಇಲ್ಲ. ಯಾರ್ ಹಿಡೀತಾರೆ?" ಟೈಟಲ್ ಕಾರ್ಡ್ ಇದ್ದಿದ್ದರೆ ಅಕ್ಷರ ಉಲ್ಟಾ ಕಂಡು ಗೊತ್ತಾಗುತ್ತಿತ್ತು. ಇದರಲ್ಲಿ ಅದೂ ಇರಲಿಲ್ಲ.

ಅಪ್ಪ ಫೈಲ್ ಕವರನ್ನು ಮಗುಚಿ ಹಾಕಿದರು. ಅಷ್ಟೇ ಕೆಲಸ. ನಾವು ಮೂರು ವಾರ ಹುಡುಕಿದ್ದು ಕನ್ನಡಿಯೊಳಗಿನ ಗುಡ್ಡ.

ಮಗುಚಿದ ಕವರ್ ಹಿಡಿದು ಹೋದ ಭಾನುವಾರ ಹೆಚ್ಚು ಸುತ್ತಬೇಕಾಗಲಿಲ್ಲ. ಓಲ್ಡ್ ಕ್ಯಾನಿಯನ್ ರೋಡ್ ಹತ್ತಿರ ಕಾರು ನಿಲ್ಲಿಸಿದರೆ ಅಲಮೇಡಾ ಕ್ರೀಕ್ ಹೊಳೆಯ ದಂಡೆಗೆ ನಡೆಯುವ ದಾರಿ ಇದೆ. ಕಣಿವೆಯ ಬಾಯಿ ಅದು. ದಂಡೆ ಹತ್ತಿ ನಿಂತ ಕೂಡಲೇ ಅಪ್ಪ, "ದೊಡ್ಡದು ಬಲಗಡೆ ಬಂತು ನೋಡು" ಅಂದರು. ಕವರ್ ಎತ್ತಿದೆ. ಮುಂದಿನ ಗುಡ್ಡ ಕೂತಿತು. ಹಿಂದಿನದು ಸ್ವಲ್ಪ ಹೊರಗಿತ್ತು. ನಾಲ್ಕು ಹೆಜ್ಜೆ ಹಿಂದಕ್ಕೆ, ಮತ್ತೆ ಎಡಕ್ಕೆ, ಒಂದು ಪೊದೆ ಅಡ್ಡ, ಅದನ್ನು ಬಳಸಿ ಇನ್ನೂ ಎಡಕ್ಕೆ. ಕಂಬ ಅಡ್ಡ ಬಂದವರ ಹಾಗೆ ಜರುಗಿದೆ, ಜರುಗಿದೆ. ಒಂದು ಕಡೆ ಎರಡೂ ಗೆರೆ ಒಟ್ಟಿಗೆ ಕೂತವು. ಡಬ್ಬದ ಮೇಲೆ ಅದರದೇ ಮುಚ್ಚಳ ಕೂರುತ್ತದಲ್ಲ, ಹಾಗೆ. ನಾನು ಉಸಿರೇ ಬಿಡಲಿಲ್ಲ.

ಈಗ ಅಲ್ಲಿ ಬೇಲಿ ಇಲ್ಲ. ನೀಲಗಿರಿ ಮರ, ಸೈಕಲ್ ಓಡಿಸುವವರು, ನಾಯಿ ಹಿಡಿದವರು. ಅಪ್ಪ ಕವರನ್ನು ನನ್ನ ಕೈಗೆ ಕೊಟ್ಟು ದಾರಿಯ ಮಧ್ಯೆ ಹೋಗಿ ನಿಂತರು. ತುಣುಕಿನಲ್ಲಿ ಬ್ರಾಂಕೋ ಬಿಲ್ಲಿಯ ಕುದುರೆ ನಿಂತ ಜಾಗ ಅದು. "ಈಗ ತೆಗೀಬೇಡ, ನೆರಳು ಇನ್ನೂ ಉದ್ದ ಇದೆ" ಅಂದರು. ಅವರ ಲೆಕ್ಕದಲ್ಲಿ ಆ ಚಿತ್ರ ತೆಗೆದದ್ದು ಬೆಳಿಗ್ಗೆ ಹತ್ತರ ಮೇಲೆ. ಕುದುರೆಯ ಹೊಟ್ಟೆಯ ಕೆಳಗೆ ನೆರಳು ಹೇಗೆ ಬಿದ್ದಿತ್ತು ಅಂತ ನೋಡಿಟ್ಟುಕೊಂಡಿದ್ದರು. ಇಪ್ಪತ್ತು ನಿಮಿಷ ಬಿಸಿಲಲ್ಲಿ ಕಾದೆವು. ಎಪ್ಪತ್ತನಾಲ್ಕರ ಮನುಷ್ಯ, ನೀರು ಕುಡಿಯಿರಿ ಅಂದರೆ "ಲೈಟ್ ಹೋಗುತ್ತೆ" ಅನ್ನುತ್ತಾರೆ.

ಫೋಟೊ ತೆಗೆದೆ. ಮ್ಯೂಸಿಯಂನ ಆ ಸ್ವಯಂಸೇವಕರಿಗೆ ತುಣುಕು ಮತ್ತು ಫೋಟೊ ಎರಡನ್ನೂ ಮುಂದಿನ ಶನಿವಾರ ತೋರಿಸಿದೆವು. ಅವರು ತುಣುಕು ನೋಡಿದರು. ತಮ್ಮ ಎಡಗೈಯನ್ನೇ ಪಿಸ್ತೂಲು ಮಾಡಿ ಅಪ್ಪನ ಕಡೆ ಹಿಡಿದರು. ಅಪ್ಪ ಬಲಗೈಯಲ್ಲಿ ಹಿಡಿದರು.

ದಂಡೆಯ ಮೇಲೆ ಅವತ್ತು ಕೊನೆಗೆ ಒಂದು ಸೆಲ್ಫಿ ಕೂಡ ತೆಗೆದುಕೊಂಡಿದ್ದೆವು. ನಾನು, ಅಪ್ಪ, ಹಿಂದೆ ಎರಡು ಗುಡ್ಡ. ಅಪ್ಪನ ತಲೆ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಅಂತ ಬರೆದ ಟೋಪಿ. ಕಾರಿನಲ್ಲಿ ಕೂತು ಅದನ್ನು ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. ಟೋಪಿಯ ಅಕ್ಷರಗಳ ಮೇಲೆ ಬೆರಳಿಟ್ಟರು.

"ನೀನೂ ಉಲ್ಟಾ ಹಾಕಿದ್ದೀಯಲ್ಲೇ" ಅಂದರು.